ಸವೆಯದ ಜಿಂಕ್ ನೋಡಿ ಖುಷಿಪಟ್ಟ ನನ್ನ ಕಥೆ (ಬೋಟ್ ಇರುವವರು ದಯವಿಟ್ಟು ಓದಿ)

ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಯಾಕಂದ್ರೆ ಅದೇ ಅಂಗಡಿಯಲ್ಲಿ ಅದೇ ಮಾಲು ಈಗಲೂ ಮಾರಾಟ ಆಗುತ್ತಿದೆ. ಅಂಗಡಿಯ ಹೆಸರು ಬರೆಯುವುದಿಲ್ಲ, ಫೋನ್ ಮಾಡಿ ಕೇಳಲೂಬೇಡಿ. ಮಾಲು ಗುರುತಿಸಲು ಗೊತ್ತಾದರೆ ಸಾಕು.

ನಮ್ಮದು 65 ಅಡಿಯ ಸ್ಟೀಲ್ ಬೋಟ್. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವುದು. ನಾನು ಮತ್ತು ತಮ್ಮ ಇಬ್ಬರದ್ದೂ ಪಾಲು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ. ಆ ಸಮಯದಲ್ಲೇ ಬೋಟ್ ಮೇಲೆ ಎಳೆದು, ಚಿಪ್ಪು ಕೆರೆದು, ಪೇಂಟ್ ಹೊಡೆದು, ಜಿಂಕ್ (ತುಕ್ಕು ತಿನ್ನದ ಹಾಗೆ ಬೋಟಿನ ತಳಕ್ಕೆ ಹಾಕುವ ಸತುವಿನ ಗಟ್ಟಿ) ಬದಲಿಸುವುದು. ಇದು ನಿಮಗೆಲ್ಲ ಗೊತ್ತಿದ್ದದ್ದೇ.

ಹೋದ ವರ್ಷದ ರಜೆಯಲ್ಲಿ ಹತ್ತು ಜಿಂಕ್ ಬೇಕಿತ್ತು. ಒಂದೊಂದು 5 ಕೆಜಿ. ಯಾವಾಗಲೂ ತರುವ ಕಡೆ ಕೆಜಿಗೆ 420 ರೂಪಾಯಿ ಹೇಳಿದರು. ಈ ಇನ್ನೊಂದು ಅಂಗಡಿಯವನು 310 ಅಂದ. "ಅಣ್ಣಾ, ಇದು ನೇವಿಗೆ ಹೋಗುವ ಮಾಲು. ಮಿಲ್ ಸ್ಪೆಕ್. ಸಾಮಾನ್ಯ ಜಿಂಕ್ ಹಾಗೆ ಹತ್ತು ತಿಂಗಳಲ್ಲಿ ಕರಗಿ ಹೋಗುವುದಲ್ಲ, ಎರಡು ಸೀಸನ್ ಬರ್ತದೆ" ಅಂತ ಹೇಳಿದ. ಮಿಲ್ ಸ್ಪೆಕ್ ಅಂದ್ರೆ ಅಮೆರಿಕದ ಸೇನೆಯ ಗುಣಮಟ್ಟದ ನಿಯಮ. ಜಿಂಕ್ ಮೇಲೆ ಇಂಗ್ಲಿಷಿನಲ್ಲಿ ಏನೋ ಅಚ್ಚು ಕೂಡ ಇತ್ತು. ಅಚ್ಚು ಹಾಕಲು ಎಷ್ಟು ಹೊತ್ತು ಬೇಕು ಹೇಳಿ? ಆಗ ನನಗೆ ಹೊಳೆಯಲಿಲ್ಲ.

ಕೆಜಿಗೆ 110 ರೂಪಾಯಿ ಉಳಿತಾಯ. 50 ಕೆಜಿಗೆ 5,500. ಅಷ್ಟೇ. ಐದೂವರೆ ಸಾವಿರ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೀಸನ್ ಚೆನ್ನಾಗಿಯೇ ಹೋಯಿತು. ಈ ವರ್ಷ ಮೇ ಕೊನೆಗೆ ಬೋಟ್ ಮೇಲೆ ಬಂತು. ನೀರು ಇಳಿಯುತ್ತಿದ್ದ ಹಾಗೆ ನಾನು ಮೊದಲು ನೋಡಿದ್ದೇ ಜಿಂಕ್. ಹತ್ತಕ್ಕೆ ಹತ್ತೂ ಹಾಗೇ ಇವೆ! ಮೂಲೆ ಕೂಡ ಸವೆದಿಲ್ಲ. ಮೇಲಿನ ಅಚ್ಚು ಓದಲು ಬರುತ್ತದೆ. ನಮ್ಮ ಬೋಟ್ ಓಡಿಸುವ ತಂಡೇಲ "ಹೊಸದರ ಹಾಗೇ ಉಂಟಲ್ಲ" ಅಂದ. ನನಗೆ ಎಷ್ಟು ಖುಷಿ ಆಯಿತು ಅಂದ್ರೆ ಫೋಟೋ ತೆಗೆದು ಆ ಅಂಗಡಿಯವನಿಗೇ ಕಳಿಸಿದೆ. "ಸೂಪರ್ ಮಾಲು, ಥ್ಯಾಂಕ್ಸ್" ಅಂತ ಬರೆದೆ. ಕೈಮುಗಿದ ಚಿತ್ರ ಬೇರೆ. ಅವನು ಒಂದೇ ನಿಮಿಷದಲ್ಲಿ ಉತ್ತರ ಕೊಟ್ಟ: "ನಾನು ಹೇಳಲಿಲ್ವಾ ಅಣ್ಣಾ!"

ಅದೇ ಫೋಟೋ ಭಾವನಿಗೂ ಕಳಿಸಿದೆ. ನನ್ನ ಮಾತು ಕೇಳಿ ಅವರೂ ಅದೇ ಜಿಂಕ್ ಹಾಕಿಸಿದ್ದರು. "ಭಾವ, ನಿಮ್ಮದನ್ನು ಈ ವರ್ಷ ಮೇಲೆ ಹಾಕುವುದೇ ಬೇಡ. ಸುಮ್ನೆ ಖರ್ಚು" ಅಂತ ಹೇಳಿದೆ. ಅವರು ತಮ್ಮ ಸರದಿ ಬೇರೆಯವರಿಗೆ ಬಿಟ್ಟುಕೊಟ್ಟರು. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಮರುದಿನ ವೆಲ್ಡಿಂಗ್‌ನವರು ಬಂದರು. ಅವರು ಹಳಬರು, ನನ್ನ ಅಪ್ಪನ ಕಾಲದಿಂದ ಬೋಟ್ ಕೆಲಸ ಮಾಡುತ್ತಿರುವವರು. ನಾನು ಹೆಮ್ಮೆಯಿಂದ ಜಿಂಕ್ ತೋರಿಸಿದೆ. ಅವರು ಅದನ್ನು ಮುಟ್ಟಿ ನೋಡಿದರು, ಉಗುರಿನಲ್ಲಿ ಕೆರೆದರು. ಏನೂ ಹೇಳಲಿಲ್ಲ. ಸುತ್ತಿಗೆ ಹಿಡಿದುಕೊಂಡು ಹಿಂದೆ ಹೋದರು. ಪ್ರೊಪೆಲ್ಲರಿಗೆ ಒಂದು ಸಣ್ಣ ಪೆಟ್ಟು ಕೊಟ್ಟರು. ಒಳ್ಳೆಯ ಪ್ರೊಪೆಲ್ಲರ್ ದೇವಸ್ಥಾನದ ಗಂಟೆಯ ಹಾಗೆ ಕೇಳಬೇಕು. ಇದು ಮರದ ತುಂಡಿನ ಹಾಗೆ "ಟಪ್" ಅಂತು. ಕೆರೆದು ನೋಡಿದರೆ ಹಳದಿ ಬಣ್ಣ ಇಲ್ಲ, ತುದಿಯಲ್ಲೆಲ್ಲ ಕೆಂಪು. ಅದರೊಳಗಿದ್ದ ಸತು ಕರಗಿ ಹೋಗಿ ಬರೀ ತಾಮ್ರ ಸ್ಪಂಜಿನ ಹಾಗೆ ಉಳಿದಿತ್ತು.

ಆಮೇಲೆ ಚುಕ್ಕಾಣಿಯ ಹತ್ತಿರ ತಳದ ವೆಲ್ಡಿಂಗ್ ಜೋಡಣೆ ಕೆರೆದರು. ಪೇಂಟ್ ಕಿತ್ತುಹೋದ ಕಡೆಯೆಲ್ಲ ಗುಂಡಿ. ಹೊಳೆಯುವ, ಕಪ್ಪು ಅಂಚಿನ ಗುಂಡಿಗಳು. ಶೀಟ್ 6 ಎಂಎಂ. ಎರಡು ಕಡೆ ಅಳೆದರೆ ಉಳಿದದ್ದು ಮೂರೂವರೆ.

ಆಗ ಅವರು ಹೇಳಿದ್ದು: "ಮಾರಾಯಾ, ಜಿಂಕ್ ಕರಗದಿದ್ರೆ ಮತ್ತೆ ಕರಗಿದ್ದು ಎಂತ? ನಿನ್ನ ಬೋಟ್!"

ಹುಡುಗರ ಎದುರು. ತಂಡೇಲನ ಎದುರು. ನನ್ನ ಮುಖ ಹೇಗಾಗಿರಬೇಕು ಯೋಚಿಸಿ. ಇಪ್ಪತ್ತು ವರ್ಷದಿಂದ ಬೋಟ್ ನಡೆಸುತ್ತಿದ್ದೇನೆ. ಜಿಂಕ್ ಹಾಕುವುದೇ ಸವೆಯಲಿಕ್ಕೆ ಅಂತ ನನಗೆ ಗೊತ್ತಿಲ್ವಾ? ಗೊತ್ತಿತ್ತು. ಉಪ್ಪುನೀರಿನಲ್ಲಿ ಎರಡು ಬೇರೆ ಬೇರೆ ಲೋಹ ಒಟ್ಟಿಗಿದ್ದರೆ ಅದು ಬ್ಯಾಟರಿ ಆಗುತ್ತದೆ, ಅದರಲ್ಲಿ ಒಂದು ಕರಗುತ್ತದೆ. ಕಬ್ಬಿಣ, ಪ್ರೊಪೆಲ್ಲರ್ ಕರಗುವ ಬದಲು ಜಿಂಕ್ ಕರಗಲಿ ಅಂತಲೇ ಹಾಕುವುದು. ಆದರೆ ಪ್ರತಿ ವರ್ಷ ಅರ್ಧ ತಿಂದುಹೋದ ಜಿಂಕ್ ನೋಡಿ ನಾನು ದುಡ್ಡು ಕರಗಿತು ಅಂತಲೇ ಲೆಕ್ಕ ಹಾಕುತ್ತಿದ್ದವನು. ಎರಡು ಸೀಸನ್ ಬರುತ್ತದೆ ಅಂದ ಕೂಡಲೇ ತಲೆ ಓಡಲಿಲ್ಲ. ಇಂಜಿನಿಯರಿಂಗ್ ಓದುವ ತಮ್ಮನ ಮಗ ಬೇರೆ ಗಾಯಕ್ಕೆ ಉಪ್ಪು ಹಾಕಿದ. 1824ರಲ್ಲೇ ಹಂಫ್ರಿ ಡೇವಿ ಅನ್ನುವವರು ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ತಗಡು ಉಳಿಸಲು ಇದೇ ಉಪಾಯ ಮಾಡಿದ್ದರಂತೆ. "ಇನ್ನೂರು ವರ್ಷ ಆಯ್ತು ದೊಡ್ಡಪ್ಪ" ಅಂದ. ಹೌದಪ್ಪ, ಆಯ್ತು.

ಅಂಗಡಿಯವನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಒಂದೊಂದಾಗಿ ಹೇಳುತ್ತೇನೆ, ಯಾಕಂದ್ರೆ ನಿಮಗೂ ಇದನ್ನೇ ಹೇಳುತ್ತಾನೆ.

ಮೊದಲ ದಿನ: "ಉಳಿದಿದ್ರೆ ಒಳ್ಳೆದಲ್ವಾ ಅಣ್ಣಾ? ಮುಂದಿನ ಸೀಸನ್‌ಗೂ ಆಯ್ತು."

ಬೋಟಿನ ಶೀಟ್ ಹೋಗಿದೆ ಮಾರಾಯ ಅಂದೆ. "ಹಾಗಾದ್ರೆ ನಿಮ್ಮ ಹುಡುಗರು ಜಿಂಕ್ ಮೇಲೆ ಪೇಂಟ್ ಹೊಡೆದಿರ್ತಾರೆ."

ಇದರಲ್ಲಿ ಸ್ವಲ್ಪ ಸತ್ಯ ಇತ್ತು, ಅದೇ ನನಗೆ ಜಾಸ್ತಿ ಸಿಟ್ಟು ಬರಿಸಿದ್ದು. ಹತ್ತರಲ್ಲಿ ಎರಡಕ್ಕೆ ಪೇಂಟ್ ತಾಗಿತ್ತು. ನಮ್ಮದೇ ತಪ್ಪು. ಪೇಂಟ್ ಹೊಡೆದ ಜಿಂಕ್ ಇದ್ದೂ ಇಲ್ಲದ ಹಾಗೆ. ಆದರೆ ಉಳಿದ ಎಂಟು? ಅವೂ ಸವೆದಿಲ್ಲವಲ್ಲ! ಎಂಟರ ಫೋಟೋ ಕಳಿಸಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಇಲ್ಲ.

ಎರಡು ದಿನ ಬಿಟ್ಟು ವಾಯ್ಸ್ ಮೆಸೇಜ್: "ನಿಮ್ಮ ಬೋಟಿನಲ್ಲಿ ಕರೆಂಟ್ ಲೀಕ್ ಉಂಟು. ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಜಿಂಕ್‌ನದ್ದು ಎಂತ ತಪ್ಪಿಲ್ಲ."

ತೋರಿಸಿದೆ. ತಳದ ನೀರು ಹೊರಹಾಕುವ ಪಂಪಿನ ಒಂದು ವೈರ್ ಜಾಯಿಂಟ್ ಒದ್ದೆಯಾಗಿ ಬೋಟಿನ ಕಬ್ಬಿಣಕ್ಕೆ ತಾಗುತ್ತಿತ್ತು. ಅದನ್ನೂ ಒಪ್ಪಿಕೊಳ್ಳುತ್ತೇನೆ. ಬ್ಯಾಟರಿಯ ಕರೆಂಟ್ ಹೀಗೆ ನೀರಿಗೆ ಇಳಿದರೆ ವರ್ಷದ ಹಾನಿ ವಾರಗಳಲ್ಲೇ ಆಗಬಹುದು, ಅದು ಬೇರೆಯೇ ರೋಗ. ಆದರೆ ಎಲೆಕ್ಟ್ರಿಷಿಯನ್ ಒಂದು ಮಾತು ಹೇಳಿದ: ಲೀಕ್ ಇದ್ದ ಮೇಲೆ ಒಳ್ಳೆಯ ಜಿಂಕ್ ಇನ್ನೂ ಬೇಗ ಸವೆಯಬೇಕಿತ್ತು. ಸವೆಯದೆ ಉಳಿದದ್ದು ಹೇಗೆ? ಇದನ್ನು ಅಂಗಡಿಯವನಿಗೆ ಹೇಳಿದೆ. "ನನಗೆ ಟೆಕ್ನಿಕಲ್ ಗೊತ್ತಿಲ್ಲ ಅಣ್ಣಾ, ನಾನು ಬರೀ ವ್ಯಾಪಾರ" ಅಂದ. ನೇವಿ, ಮಿಲ್ ಸ್ಪೆಕ್ ಅಂತ ಹೇಳುವಾಗ ಟೆಕ್ನಿಕಲ್ ಗೊತ್ತಿತ್ತು!

ಒಂದು ಜಿಂಕ್ ಕತ್ತರಿಸಿ ಬೈಕಂಪಾಡಿ ಕಡೆಯ ಒಂದು ಲ್ಯಾಬಿಗೆ ಕೊಟ್ಟೆ. ರಿಪೋರ್ಟ್ ಬಂತು: ಕಬ್ಬಿಣದ ಅಂಶ ಶೇಕಡಾ 0.04. ಅವನು ಹೇಳಿದ ಅದೇ ಮಿಲ್ ಸ್ಪೆಕ್ ಪ್ರಕಾರ 0.005ಕ್ಕಿಂತ ಜಾಸ್ತಿ ಇರಬಾರದು. ಎಂಟು ಪಟ್ಟು! ಇರಲೇಬೇಕಾದ ಚೂರು ಕ್ಯಾಡ್ಮಿಯಂ ಇಲ್ಲವೇ ಇಲ್ಲ. ಗುಜರಿ ಸತು ಕರಗಿಸಿ ಅಚ್ಚಿಗೆ ಹೊಯ್ದದ್ದು, ಬೇರೇನೂ ಅಲ್ಲ. ಜಿಂಕ್‌ನಲ್ಲಿ ಕಬ್ಬಿಣ ಜಾಸ್ತಿಯಾದರೆ ಉಪ್ಪುನೀರಿನಲ್ಲಿ ಅದರ ಮೇಲೆ ಒಂದು ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಆಮೇಲೆ ಅದು ಜಿಂಕ್ ಅಲ್ಲ, ಬೋಟಿಗೆ ಅಂಟಿಸಿದ ಕಲ್ಲು. ಮೀಟರ್ ಇಟ್ಟು ನೋಡಿದರೂ ಹೊಸದರಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಸ್ವಲ್ಪ ದಿನ ಸರಿಯಾಗಿಯೇ ತೋರಿಸುತ್ತದೆ.

ರಿಪೋರ್ಟ್ ತೆಗೆದುಕೊಂಡು ಅಂಗಡಿಗೇ ಹೋದೆ. ನೋಡಿದ, ಮಡಚಿ ವಾಪಸ್ ಕೊಟ್ಟ. "ಬಿಲ್ ಉಂಟಾ?" ಅಂತ ಕೇಳಿದ. ಬಿಲ್ ಇತ್ತು, ಒಂದು ತುಂಡು ಕಾಗದ. ಅದರಲ್ಲಿ ಜಿಂಕ್ ಅಂತಲೇ ಇಲ್ಲ. "ಮೆಟಲ್ ಬ್ಲಾಕ್, 50 ಕೆಜಿ." ಜಿಎಸ್‌ಟಿ ನಂಬರ್ ಇಲ್ಲ. ಕೊಂಡ ದಿನ ನಾನೇ "ಬಿಲ್ ಎಂತಕ್ಕೆ, ರೇಟ್ ಕಡಿಮೆ ಮಾಡು" ಅಂದಿದ್ದೆ. ಅವನಿಗೆ ಅದು ನೆನಪಿತ್ತು. ನನಗೂ ಇತ್ತು. "ನೀವೇ ಥ್ಯಾಂಕ್ಸ್ ಅಂತ ಮೆಸೇಜ್ ಹಾಕಿದ್ದೀರಲ್ಲ" ಅಂತ ಮೊಬೈಲ್ ತೆಗೆದು ನನಗೇ ತೋರಿಸಿದ. ಕೈಮುಗಿದ ಚಿತ್ರ ಸಮೇತ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಸುಮ್ಮನೆ ಹೊರಗೆ ಬಂದೆ.

ಶೀಟ್ ಕತ್ತರಿಸಿ ಬದಲಿಸಿದ್ದು, ಪ್ರೊಪೆಲ್ಲರ್, ಬುಷ್, ಮತ್ತೆ ಪೇಂಟ್, ಎಲ್ಲ ಸೇರಿ 3 ಲಕ್ಷ ದಾಟಿತು. ಆಗಸ್ಟ್ 1ಕ್ಕೆ ಎಲ್ಲರ ಬೋಟ್ ಹೊರಟಾಗ ನಮ್ಮದು ದಡದಲ್ಲೇ. 23 ದಿನ ತಡ. ಸೀಸನ್ ಶುರುವಿನ 23 ದಿನ ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಉಳಿಸಿದ್ದು 5,500.

ಈಗ ಜಿಂಕ್ ಕೊಳ್ಳುವವರಿಗೆ. ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಅದರಲ್ಲಿ ಕಬ್ಬಿಣದ ಸಂಖ್ಯೆ ನೋಡಿ, ಸರ್ಟಿಫಿಕೇಟಿನ ಬ್ಯಾಚ್ ನಂಬರ್ ಮಾಲಿನ ಮೇಲಿನ ನಂಬರಿಗೆ ಹೊಂದುತ್ತದಾ ನೋಡಿ. ಕೊಡದಿದ್ದರೆ ಎದ್ದು ಬನ್ನಿ. ಬಿಲ್ಲಿನಲ್ಲಿ "ಜಿಂಕ್ ಆನೋಡ್" ಅಂತ ಬರೆಸಿ, ನನ್ನ ಹಾಗೆ ಜಾಣತನ ಮಾಡಬೇಡಿ. ಹಾಕಿದ ಮೇಲೆ ಒಂದೆರಡು ತಿಂಗಳಲ್ಲಿ ಯಾರನ್ನಾದರೂ ನೀರಿಗಿಳಿಸಿ ನೋಡಿಸಿ. ಒರಟು ಒರಟಾಗಿ ಸವೆಯುತ್ತಾ, ಮೇಲೆ ಕೈಯಲ್ಲಿ ಉದುರುವ ಬಿಳಿ ಪುಡಿ ಇದ್ದರೆ ಕೆಲಸ ಮಾಡುತ್ತಿದೆ. ನುಣ್ಣಗೆ, ಗಟ್ಟಿ ಪದರ ಇದ್ದರೆ ನನಗೆ ಆದದ್ದೇ ನಿಮಗೂ. ಪೇಂಟ್ ಮಾಡುವಾಗ ಜಿಂಕ್ ಮೇಲೆ ಕಾಗದ ಅಂಟಿಸಿ, ಹುಡುಗರಿಗೆ ಹೇಳಿದರೆ ಸಾಲದು, ಎದುರು ನಿಲ್ಲಿ. ಕೆಲವರು ಮೆಗ್ನೀಶಿಯಂ ಒಳ್ಳೆಯದು ಅಂತ ಮಾರುತ್ತಾರೆ. ಅದು ಸಿಹಿನೀರಿಗೆ. ಸಮುದ್ರದಲ್ಲಿ ಬೇಗ ಕರಗಿ ಖಾಲಿ. ಅದು ಇನ್ನೊಂದು ಮೋಸ.

ಸವೆಯದ ಜಿಂಕ್ ಒಳ್ಳೆಯ ಜಿಂಕ್ ಅಂತ ಯಾರಾದರೂ ಹೇಳಿದರೆ ಅವರ ಮುಖಕ್ಕೆ ನನ್ನ ಲ್ಯಾಬ್ ರಿಪೋರ್ಟ್ ಹಿಡಿಯಿರಿ. ಕೇಳಿದವರಿಗೆ ಕಾಪಿ ಕೊಡುತ್ತೇನೆ.

ಭಾವನ ಬೋಟ್ ಈಗಲೂ ನೀರಿನಲ್ಲಿದೆ. ನನಗೆ ವಿಷಯ ಗೊತ್ತಾಗುವಷ್ಟರಲ್ಲಿ ಮೇಲೆ ಎಳೆಯಲು ಜಾಗ ಸಿಗಲಿಲ್ಲ, ಆಗಸ್ಟ್ 1ಕ್ಕೆ ಹೋಗಿಬಿಟ್ಟರು. ಮುಳುಗಿ ನೋಡಿದವನು "ಜಿಂಕ್ ಹೊಸದರ ಹಾಗೇ ಉಂಟು" ಅಂದನಂತೆ. ನಾಳಿದ್ದು ಬೆಳಿಗ್ಗೆ ಬೋಟ್ ಮೇಲೆ ಬರುತ್ತದೆ. ಅಕ್ಕ ಫೋನ್ ಮಾಡಿ "ನೀನೂ ಬಾ" ಅಂದಿದ್ದಾಳೆ, ಅಷ್ಟೇ ಹೇಳಿ ಇಟ್ಟಳು.