ಕಲಿಯುವವರ ಕೈಗೆ ಸ್ಪ್ಲೆಂಡರ್ ಪ್ಲಸ್: ಎಲ್ಲಿ ತಾಳಿಕೊಳ್ಳುತ್ತೆ, ಎಲ್ಲಿ ಕೈಕೊಡುತ್ತೆ

ಬೈಕ್ ಕಲಿಯೋಕೆ ಯಾವ ಗಾಡಿ ಒಳ್ಳೇದು ಅಂತ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಸಿಗುವ ಉತ್ತರ ಒಂದೇ: ಹಳೇ ಸ್ಪ್ಲೆಂಡರ್ ತಗೊಳ್ಳಿ. ಯಾಕೆ ಅಂದರೆ ಮೈಲೇಜು, ರೀಸೇಲು ಅಂತ ಶುರುಮಾಡುತ್ತಾರೆ. ಕಲಿಯುವವರಿಗೆ ಅವೆರಡೂ ಆಮೇಲಿನ ಮಾತು. 1994ರಿಂದ ರಸ್ತೆಯಲ್ಲಿರುವ ಈ ಗಾಡಿಯ ನಿಜವಾದ ಗುಣ ಅದರ ಕ್ಲಚ್ಚು ಮತ್ತು ತೂಕ. ಅದೇ ರೀತಿ ಒಂದು ದೋಷವೂ ಇದೆ, ಅದನ್ನು ಮಾರುವವರು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಮೊದಲು ತೂಕ. 97.2 ಸಿಸಿ ಎಂಜಿನ್, ಸುಮಾರು 112 ಕೆ.ಜಿ., ಸೀಟಿನ ಎತ್ತರ 785 ಮಿ.ಮೀ. ಐದಡಿ ಎರಡು ಇಂಚಿನವರಿಗೂ ಕಾಲು ನೆಲಕ್ಕೆ ಸಿಗುತ್ತದೆ. ಪಕ್ಕದಲ್ಲಿ 195 ಕೆ.ಜಿ.ಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ನಿಲ್ಲಿಸಿ ಎರಡನ್ನೂ ತುಸು ವಾಲಿಸಿ ನೋಡಿ. ಸ್ಪ್ಲೆಂಡರ್ ವಾಲಿದರೆ ಒಂದು ಕಾಲಲ್ಲಿ ತಡೆಯಬಹುದು, ಬಿದ್ದರೂ ಒಬ್ಬರೇ ಎತ್ತಬಹುದು. ಆ ಧೈರ್ಯ ಇಲ್ಲದಿದ್ದರೆ ಮೊದಲ ವಾರವೆಲ್ಲ ಗಾಡಿ ಬೀಳಿಸದೇ ಇರುವುದರಲ್ಲೇ ಕಳೆದುಹೋಗುತ್ತದೆ, ಓಡಿಸೋದು ಕಲಿಯೋದೇ ಇಲ್ಲ.

ಮೊದಲ ಪಾಠಕ್ಕೆ ಮೈದಾನವೂ ಬೇಡ, ಮನೆ ಮುಂದೆ ಡಬಲ್ ಸ್ಟ್ಯಾಂಡ್ ಹಾಕಿದರೆ ಸಾಕು. ಹಿಂದಿನ ಚಕ್ರ ಗಾಳಿಯಲ್ಲಿರುತ್ತದೆ. ಸ್ಟಾರ್ಟ್ ಮಾಡಿ, ಕ್ಲಚ್ ಹಿಡಿದು ಒಂದನೇ ಗೇರ್ ಹಾಕಿ, ನಿಧಾನವಾಗಿ ಕ್ಲಚ್ ಬಿಡುತ್ತಾ ಚಕ್ರ ತಿರುಗುವ ಜಾಗ ಎಲ್ಲಿ ಅಂತ ಕೈಗೆ ಗೊತ್ತಾಗುವವರೆಗೆ ಇಪ್ಪತ್ತು ಸಲ ಮಾಡಿ. ಅದೇ ಅರ್ಧ ಕ್ಲಚ್. ಎರಡೇ ಎಚ್ಚರಿಕೆ: ಚಕ್ರದ ಹತ್ತಿರ ದುಪಟ್ಟಾ, ಪಂಚೆ, ಮಕ್ಕಳು ಇರಬಾರದು, ಗೇರಿನಲ್ಲಿರುವಾಗ ಗಾಡಿಯನ್ನು ಮುಂದಕ್ಕೆ ಅಲುಗಿಸಬಾರದು, ಸ್ಟ್ಯಾಂಡಿನಿಂದ ಜಾರಿದರೆ ನೇರ ಗೋಡೆಗೇ.

ಮೈದಾನಕ್ಕೆ ಹೋದ ಮೇಲೆ ಅರ್ಧ ಗಂಟೆ ಆಕ್ಸಿಲರೇಟರ್ ಮುಟ್ಟಲೇಬೇಡಿ. ಐಡ್ಲಿಂಗ್ (ರೇಸ್ ಕೊಡದಿದ್ದಾಗ ಎಂಜಿನ್ ತಿರುಗುವ ವೇಗ) ಸರಿಯಾಗಿದ್ದರೆ, ಅಂದರೆ ಸುಮಾರು 1400 ಆರ್‌ಪಿಎಂ ಇದ್ದರೆ, ಸಮತಟ್ಟಾದ ಜಾಗದಲ್ಲಿ ಬರೀ ಕ್ಲಚ್ಚಿನಿಂದಲೇ ಈ ಗಾಡಿ ಒಬ್ಬರನ್ನು ಎಳೆದುಕೊಂಡು ಹೊರಡುತ್ತದೆ. ಸ್ಪ್ಲೆಂಡರಿಗೆ ಪೂರ್ತಿ ಅಂಕ ಕೊಡಬೇಕಾದ್ದು ಇಲ್ಲೇ. ಕ್ಲಚ್ ಹಗುರ, ಹಿಡಿತ ಮೆತ್ತಗೆ. ತಪ್ಪು ಮಾಡಿದರೆ ಆಫ್ ಆಗುತ್ತದೆ ಅಷ್ಟೇ, ನೆಗೆದು ಓಡುವುದಿಲ್ಲ. ಆಫ್ ಆಗುವುದು ಹೆಚ್ಚಾಗಿ ಕೊನೆಯ ಕಾಲು ಇಂಚಿನಲ್ಲಿ: ಗಾಡಿ ಹೊರಟಿತಲ್ಲ ಎಂಬ ಖುಷಿಗೆ ಬೆರಳು ಪಟ್ಟನೆ ಬಿಟ್ಟುಬಿಡುತ್ತಾರೆ. ಹೊರಟ ಮೇಲೂ ಎರಡು ಮೀಟರ್ ಅರ್ಧ ಕ್ಲಚ್ಚಿನಲ್ಲೇ ಹಿಡಿದಿರಬೇಕು.

ರೇಸ್ ಕೊಡಲು ಶುರುಮಾಡಿದಾಗ ಬಲಗೈ ಮಣಿಕಟ್ಟು ನೋಡಿ. ಅದು ಹಿಡಿಗಿಂತ ಮೇಲೆ ಎದ್ದಿದ್ದರೆ, ಗಾಡಿ ಜಗ್ಗಿದಾಗ ಮೈ ಹಿಂದಕ್ಕೆ ಹೋಗಿ ಮಣಿಕಟ್ಟು ಕೆಳಗಿಳಿಯುತ್ತದೆ, ರೇಸ್ ತಾನಾಗಿ ಏರುತ್ತದೆ. ಹೆದರಿ ಇನ್ನೂ ಗಟ್ಟಿಯಾಗಿ ಹಿಡಿದಷ್ಟೂ ಇನ್ನೂ ಏರುತ್ತದೆ. ಆದ್ದರಿಂದ ಕಲಿಸುವವರ ಬಾಯಲ್ಲಿ ಒಂದೇ ಮಾತಿರಬೇಕು: ‘ಕ್ಲಚ್ ಹಿಡಿ!’ ಅದು ಎಡಗೈ ಕೆಲಸ, ಹಿಡಿದ ತಕ್ಷಣ ಎಂಜಿನ್ನಿಗೂ ಚಕ್ರಕ್ಕೂ ನಂಟು ತಪ್ಪುತ್ತದೆ. ‘ಬ್ರೇಕು, ಬ್ರೇಕು’ ಅಂತ ಕೂಗಿದರೆ ಬಲಗೈ ಬಿಗಿಯಾಗುತ್ತದೆ, ಬ್ರೇಕಿನ ಜೊತೆ ಆಕ್ಸಿಲರೇಟರೂ ತಿರುಗುತ್ತದೆ. ಅಣ್ಣನೋ ಮಾವನೋ, ಕಲಿಸಲು ನಿಂತವರು ಮೊದಲೆರಡು ದಿನ ಎಡಗಡೆ ನಡೆದುಕೊಂಡೇ ಇರಲಿ. ಹಿಂದೆ ಕೂತು ಹೆಗಲ ಮೇಲಿಂದ ಹ್ಯಾಂಡಲ್ ಹಿಡಿಯುವ ಪದ್ಧತಿ ಬಿಟ್ಟುಬಿಡಿ. ಒಂದು ಹ್ಯಾಂಡಲ್ಲಿಗೆ ನಾಲ್ಕು ಕೈ ಬಿದ್ದರೆ ಗಾಡಿ ಯಾರ ಮಾತೂ ಕೇಳುವುದಿಲ್ಲ.

ಬ್ರೇಕ್ ಸಾಧಾರಣ. ಸಾಮಾನ್ಯ ಮಾಡೆಲ್‌ನಲ್ಲಿ ಎರಡೂ ಕಡೆ 130 ಮಿ.ಮೀ. ಡ್ರಮ್, ಹಿಂದಿನ ಪೆಡಲ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಡಿಸ್ಕ್ ಇರುವ ಎಕ್ಸ್‌ಟೆಕ್ ಕೂಡ ಬರುತ್ತದೆ. ಕಲಿಕೆಗೆ ಡ್ರಮ್ಮೇ ವಾಸಿ, ಗಾಬರಿಯಿಂದ ಹಿಡಿದರೂ ಚಕ್ರ ಒಮ್ಮೆಲೇ ಕಚ್ಚಿಕೊಳ್ಳುವುದು ಕಡಿಮೆ. ಆದರೆ ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಬ್ರೇಕ್ ಹಿಡಿದರೆ ಯಾವ ಗಾಡಿಯಾದರೂ ಆ ಕಡೆಗೇ ಮಗುಚುತ್ತದೆ. ನಿಧಾನ ವೇಗದ ತಿರುವಿನಲ್ಲಿ ಹಿಂದಿನ ಬ್ರೇಕ್ ಮಾತ್ರ, ಅದೂ ಮುಟ್ಟಿಯೂ ಮುಟ್ಟದ ಹಾಗೆ.

ಇನ್ನು ದೋಷ. ಸ್ಪ್ಲೆಂಡರಿನ ನಾಲ್ಕೂ ಗೇರು ಮುಂದಕ್ಕೆ, ಅಂದರೆ ಕೆಳಕ್ಕೆ, ಒತ್ತುವಂಥವು: ಮೇಲೆ ನ್ಯೂಟ್ರಲ್, ಆಮೇಲೆ ಕಾಲಿನ ಬೆರಳಿನಿಂದ ಒಂದು, ಎರಡು, ಮೂರು, ನಾಲ್ಕು. ಇಳಿಸಲು ಹಿಮ್ಮಡಿ. ಕಲಿಯಲು ಇದಕ್ಕಿಂತ ಸುಲಭದ್ದು ಇಲ್ಲ, ಅದೇ ಮುಂದೆ ತೊಂದರೆ. 150 ಸಿಸಿ ಮತ್ತು ಮೇಲಿನ ಹೆಚ್ಚಿನ ಬೈಕುಗಳಲ್ಲಿ ಒಂದನೇ ಗೇರಿಗೆ ಕೆಳಕ್ಕೆ ಒತ್ತಬೇಕು, ಉಳಿದವಕ್ಕೆ ಮೇಲಕ್ಕೆ ಎತ್ತಬೇಕು. ಕಾಲಿಗೆ ಅಭ್ಯಾಸವಾದ ಮೇಲೆ ಅಂಥ ಗಾಡಿ ಹತ್ತಿ, 50ರ ವೇಗದಲ್ಲಿ ಗೇರ್ ಏರಿಸಲೆಂದು ಮುಂದಕ್ಕೆ ಒತ್ತಿದರೆ ಗೇರು ಇಳಿಯುತ್ತದೆ, ಎಂಜಿನ್ ಕಿರುಚುತ್ತದೆ, ಒದ್ದೆ ರಸ್ತೆಯಾದರೆ ಹಿಂದಿನ ಚಕ್ರ ಜಾರುತ್ತದೆ. ಮುಂದೆ ದೊಡ್ಡ ಬೈಕ್ ಕೊಳ್ಳುವ ಆಲೋಚನೆ ಇದ್ದರೆ ಮೂರನೇ ವಾರದಲ್ಲೇ ಅಂಥದ್ದೊಂದನ್ನು ಮೈದಾನದಲ್ಲಿ ಒಂದು ಗಂಟೆ ಓಡಿಸಿ.

ಇನ್ನೊಂದು ಗೋಳು ನ್ಯೂಟ್ರಲ್. ಹೊಸಬರು ಮೂರನೇ ಗೇರಿನಲ್ಲೇ ಬಂದು ಸಿಗ್ನಲ್ಲಿನಲ್ಲಿ ನಿಲ್ಲುತ್ತಾರೆ, ಆಮೇಲೆ ಹಿಮ್ಮಡಿಯಿಂದ ಎಷ್ಟು ಗುದ್ದಿದರೂ ಗೇರು ಇಳಿಯುವುದಿಲ್ಲ. ಗೇರ್ ಬಾಕ್ಸ್ ಕೆಟ್ಟಿಲ್ಲ. ನಿಂತ ಗಾಡಿಯಲ್ಲಿ ಒಳಗಿನ ಹಲ್ಲುಗಳು ಎದುರುಬದುರಾಗಿ ನಿಂತಿರುತ್ತವೆ. ಕ್ಲಚ್ ಹಿಡಿದುಕೊಂಡೇ ಗಾಡಿಯನ್ನು ಒಂದು ಗೇಣು ಹಿಂದೆ ಮುಂದೆ ಅಲುಗಿಸಿ, ಇಲ್ಲವೇ ಕ್ಲಚ್ ಕೂದಲೆಳೆಯಷ್ಟು ಬಿಟ್ಟು ಮತ್ತೆ ಹಿಡಿದು ಒತ್ತಿ, ‘ಟಕ್’ ಅಂತ ಬೀಳುತ್ತದೆ. ಚಲಿಸುತ್ತಿರುವಾಗಲೇ ಇಳಿಸಿಕೊಂಡು ಬರುವುದು ಸರಿಯಾದ ಕ್ರಮ. ಹಾಗೆಯೇ ಐ3ಎಸ್ ಇರುವ ಮಾಡೆಲ್‌ನಲ್ಲಿ ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ಎಂಜಿನ್ ತಾನೇ ಆಫ್ ಆಗಿ, ಕ್ಲಚ್ ಹಿಡಿದಾಗ ಮತ್ತೆ ಸ್ಟಾರ್ಟ್ ಆಗುತ್ತದೆ. ಪೆಟ್ರೋಲು ಉಳಿಯುತ್ತದೆ ನಿಜ, ಕಲಿಯುವವರ ತಲೆ ಮಾತ್ರ ಕೆಡುತ್ತದೆ. ಹ್ಯಾಂಡಲ್ ಮೇಲಿನ ಸ್ವಿಚ್ಚಿನಲ್ಲಿ ಆಫ್ ಮಾಡಿಡಿ.

ಡಿಎಲ್ ಟೆಸ್ಟಿನಲ್ಲಿ ಎಂಟು ಹಾಕಲು, ಅಂದರೆ 8ರ ಆಕಾರದಲ್ಲಿ ಓಡಿಸಲು, ಇದಕ್ಕಿಂತ ಒಳ್ಳೆ ಗಾಡಿ ಸಿಗುವುದು ಕಷ್ಟ. ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ಅಂತರ) 1236 ಮಿ.ಮೀ. ಮಾತ್ರ. ಒಂದೇ ಹದದಲ್ಲಿ ಸಣ್ಣ ರೇಸ್, ಅರ್ಧ ಕ್ಲಚ್, ಹಿಂದಿನ ಬ್ರೇಕಿನ ಮೇಲೆ ಕಾಲು. ಕಣ್ಣು ಮುಂದಿನ ಚಕ್ರದ ಮೇಲೆ ಬಿದ್ದರೆ ಕಾಲು ನೆಲಕ್ಕೆ ಬಂತು ಅಂತಲೇ ಲೆಕ್ಕ. ತಿರುವು ಮುಗಿಯುವ ಕಡೆಗೆ ನೋಡಬೇಕು. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಸಿಕ್ಕಿ 30 ದಿನವಾದ ಮೇಲೆ ಟೆಸ್ಟಿಗೆ ಹೋಗಬಹುದು, ಆ ಲೈಸೆನ್ಸಿನ ಅವಧಿ 6 ತಿಂಗಳು. ಅಲ್ಲಿಯವರೆಗೆ ಗಾಡಿಯ ಮುಂದೆ ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಇರಬೇಕು. ಹಿಂದಿನ ಸೀಟು ಡಿಎಲ್ ಇರುವ, ಕಲಿಸುವವರಿಗೆ ಮಾತ್ರ, ಗೆಳೆಯರಿಗಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಬಣ್ಣ ನೋಡುವ ಮೊದಲು ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ನೋಡಿ. ಡಬಲ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಅದುಮಿ ಮುಂದಿನ ಚಕ್ರ ಎತ್ತಲಿ. ಹ್ಯಾಂಡಲನ್ನು ಮೆಲ್ಲಗೆ ಆ ಕಡೆ ಈ ಕಡೆ ಬಿಡಿ. ನಟ್ಟನಡುವೆ ‘ಟಕ್’ ಅಂತ ಕೂತುಕೊಂಡರೆ ಕೋನ್ ಸೆಟ್ ಹೋಗಿದೆ. ಅಂಥ ಗಾಡಿ ನಿಧಾನದಲ್ಲಿ ನೇರ ಹೋಗುವುದಿಲ್ಲ, ಕಲಿಯುವವರು ತಮ್ಮ ಬ್ಯಾಲೆನ್ಸೇ ಸರಿಯಿಲ್ಲ ಅಂದುಕೊಂಡು ಕೊರಗುತ್ತಾರೆ. ಕ್ಲಚ್ ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಗಾಡಿ ಓಡಿಸಿ ನೋಡುವಾಗ ರೇಸ್ ಕೊಟ್ಟರೆ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ, ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ಟೈರ್ ಗಾಳಿ ಒಬ್ಬರೇ ಓಡಿಸುವಾಗ ಮುಂದೆ 25, ಹಿಂದೆ 28 ಪಿಎಸ್‌ಐ.

ಮನೆಗೆ ತಂದ ಮೇಲೆ ಲೆಗ್ ಗಾರ್ಡ್ ಹಾಕಿಸಿ. ಎರಡೂ ಲಿವರುಗಳ ಕ್ಲಾಂಪ್ ಬೋಲ್ಟನ್ನು ಗಟ್ಟಿ ಕೈಯಲ್ಲಿ ಒತ್ತಿದರೆ ಮಾತ್ರ ತಿರುಗುವಷ್ಟು ಬಿಗಿ ಮಾಡಿಸಿ. ಬಿದ್ದಾಗ ಲಿವರ್ ಮುರಿಯದೆ ತಿರುಗಿಕೊಳ್ಳುತ್ತದೆ. ಅಲ್ಲೇ ನಿಂತು ಕೈಯಲ್ಲಿ ಸರಿಮಾಡಿಕೊಂಡು ಮತ್ತೊಂದು ಸುತ್ತು ಹೊಡೆಯಬಹುದು.