ನಾಲ್ಕಿಂಚಿನ ಗ್ರೈಂಡರ್: ವ್ಯಾಟ್ ಕೇಳುವ ಮೊದಲು ಸ್ವಿಚ್ ನೋಡಿ

ಗೇಟು-ಗ್ರಿಲ್ಲಿನ ಶೆಡ್ಡಿನಿಂದ ಹಿಡಿದು ಗ್ರಾನೈಟ್ ಹಾಕುವವರ ಚೀಲದವರೆಗೆ ನಾಲ್ಕಿಂಚಿನ ಗ್ರೈಂಡರ್, ಅಂದರೆ ನಾಲ್ಕಿಂಚಿನ ವೀಲ್ ತಿರುಗಿಸಿ ಕಬ್ಬಿಣ, ಕಲ್ಲು ಕತ್ತರಿಸಿ ಉಜ್ಜುವ ಕೈ ಮಷೀನು, ಇಲ್ಲದ ಕೆಲಸವೇ ಇಲ್ಲ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಕೇಳಿದರೆ ಎರಡರಿಂದ ಮೂರೂವರೆ ಸಾವಿರದೊಳಗಿನ ನಾಲ್ಕೈದು ಮಷೀನು ತೆಗೆದು ಮುಂದಿಡುತ್ತಾರೆ. ವ್ಯಾಟ್ ಎಷ್ಟು, ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಸುರುಳಿ) ತಾಮ್ರದ್ದಾ, ವಾರಂಟಿ ಎಷ್ಟು ತಿಂಗಳು ಎಂಬಲ್ಲಿಗೆ ವ್ಯಾಪಾರದ ಮಾತು ಮುಗಿಯುತ್ತದೆ. ಇಲ್ಲಿ ಒಂದು ಕಂಪನಿಯನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಈ ದರದ 650ರಿಂದ 850 ವ್ಯಾಟ್ ಮಷೀನುಗಳು ಹಿಡಿದವರ ಕೈ, ಕಣ್ಣು ಎಷ್ಟು ಕಾಯುತ್ತವೆ ಎಂಬುದಷ್ಟೇ ವಿಷಯ. ಕಬ್ಬಿಣ ಕತ್ತರಿಸುವುದರಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ.

ಮೊದಲ ಕೊರತೆ ಸ್ವಿಚ್‌ನದು. ಬಹುಪಾಲು ಮಷೀನಿಗೆ ಇರುವುದು ಮುಂದಕ್ಕೆ ತಳ್ಳಿದರೆ ಕಚ್ಚಿಕೊಂಡು ಕೂರುವ ಸ್ಲೈಡ್ ಸ್ವಿಚ್. ದಿನವಿಡೀ ಉಜ್ಜುವವರಿಗೆ ಆರಾಮ, ನಿಜ. ಆದರೆ ಮಷೀನು ಕೈಜಾರಿ ಬಿದ್ದರೂ ವೀಲ್ ತಿರುಗುತ್ತಲೇ ಇರುತ್ತದೆ, ನೆಲದ ಮೇಲೆ ಕುಣಿದು ಕಾಲಿಗೆ ಬರುತ್ತದೆ. ಇನ್ನೊಂದು ಅಪಾಯ ಕರೆಂಟಿನದು. ಕತ್ತರಿಸುವಾಗ ಕರೆಂಟ್ ಹೋಯಿತೆನ್ನಿ, ಸ್ವಿಚ್ ಹಿಂದಕ್ಕೆಳೆಯದೆ ಮಷೀನು ಕೆಳಗಿಡುತ್ತಾರೆ. ಕಾಲು ಗಂಟೆ ಬಿಟ್ಟು ಕರೆಂಟ್ ಬಂದಾಗ ಅದು ತಾನಾಗಿಯೇ ಓಡಲು ಶುರು. ಅಷ್ಟರಲ್ಲಿ ಯಾರಾದರೂ ವೀಲ್ ಬದಲಿಸಲು ಕೂತಿದ್ದರೆ ಬೆರಳು ಹೋದಂತೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ವೀಲ್ ಹಾಕದೆ ಮಷೀನು ಓಡಿಸಿ, ಸ್ವಿಚ್ ಮುಟ್ಟದೆ ಗೋಡೆಯ ಪ್ಲಗ್ ಕಿತ್ತು ಮತ್ತೆ ಚುಚ್ಚಿ. ತಾನಾಗಿ ಓಡಿದರೆ ರೀಸ್ಟಾರ್ಟ್ ರಕ್ಷಣೆ ಇಲ್ಲವೆಂದರ್ಥ. ಈ ದರದಲ್ಲಿ ಬಹುತೇಕ ಎಲ್ಲವೂ ಓಡುತ್ತವೆ. ಅದುಮಿ ಹಿಡಿದಿರುವಷ್ಟು ಹೊತ್ತು ಮಾತ್ರ ತಿರುಗುವ ಪ್ಯಾಡಲ್ ಸ್ವಿಚ್ಚಿನದು ಸಿಕ್ಕರೆ ಸ್ವಲ್ಪ ದುಬಾರಿಯಾದರೂ ಅದನ್ನೇ ಕೊಳ್ಳಿ. ಕೆಲವು ಪ್ಯಾಡಲ್‌ಗಳಿಗೂ ಲಾಕ್ ಇರುತ್ತದೆ, ಅದನ್ನೂ ಒತ್ತಿ ನೋಡಿ.

ವೀಲನ್ನು ಅರ್ಧ ಮುಚ್ಚುವ ಗಾರ್ಡಿನ ವಿಚಾರದಲ್ಲಿ ತಪ್ಪು ಅರ್ಧ ಮಷೀನಿನದು, ಅರ್ಧ ನಮ್ಮದು. ಸ್ಕ್ರೂ ಬಿಗಿದು ನಿಲ್ಲಿಸುವ ಗಾರ್ಡನ್ನು ಮೂಲೆ ಕೆಲಸ ಬಂದಾಗಲೆಲ್ಲ ಸಡಿಲಿಸಿ ತಿರುಗಿಸಲು ಯಾರಿಗೂ ತಾಳ್ಮೆ ಇಲ್ಲ. ಒಂದು ದಿನ ಕಳಚಿದ್ದು ಮತ್ತೆ ಹತ್ತುವುದಿಲ್ಲ. ಪಾನಾ ಇಲ್ಲದೆ ಕೈಯಲ್ಲೇ ತಿರುಗುವ ಲಿವರ್ ಗಾರ್ಡ್ ಇದ್ದರೆ ಅದು ಮಷೀನಿನ ಮೇಲೆ ಉಳಿಯುತ್ತದೆ. ಕಳಚಲು ಇನ್ನೊಂದು ಕಾರಣ ಗಾರ್ಡಿನೊಳಗೆ ಹಿಡಿಸದ ಐದಿಂಚಿನ ವೀಲ್ ಹಾಕುವ ಆಸೆ. ಇಲ್ಲಿ ಲೆಕ್ಕ ನೋಡಿ. ಕಟಿಂಗ್ ವೀಲಿನ ಅಂಚು ಸೆಕೆಂಡಿಗೆ 80 ಮೀಟರ್ ದಾಟಬಾರದು. ಅದಕ್ಕೇ ನಾಲ್ಕಿಂಚಿನದರ ಮೇಲೆ, ನಿಮಿಷಕ್ಕೆ ಇಷ್ಟು ಸುತ್ತು ಎಂಬ ಲೆಕ್ಕದಲ್ಲಿ, ಸುಮಾರು 15,200 ಆರ್‌ಪಿಎಂ, ಐದಿಂಚಿನದಕ್ಕೆ 12,200, ಏಳಿಂಚಿನದಕ್ಕೆ 8,500 ಎಂದು ಮುದ್ರಿಸಿರುತ್ತಾರೆ. ನಿಮ್ಮ ಮಷೀನು ಖಾಲಿ ಓಡುವುದು 11,000ದಿಂದ 12,000 ವೇಗದಲ್ಲಿ. ಐದಿಂಚಿನದು ಅಲ್ಲಿ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಸಾಲದ್ದಕ್ಕೆ ಅದರ ತೂತು 22 ಮಿ.ಮೀ., ಮಷೀನಿನಲ್ಲಿ ವೀಲ್ ಕೂರುವ ಬಿಲ್ಲೆ, ಅಂದರೆ ಫ್ಲ್ಯಾಂಜ್, 16ರದು. ವಾಷರ್ ತುರುಕಿ ಕೂರಿಸಿದರೆ ನಡು ತಪ್ಪಿ ಅದುರುತ್ತದೆ. ಒಡೆದರೆ ತಡೆಯಲು ಗಾರ್ಡೂ ಇಲ್ಲ.

ವೀಲಿನ ನಡುವಿನ ತಗಡಿನ ಬಳೆಯನ್ನು ಓದುವವರು ಕಡಿಮೆ. ಅಲ್ಲಿ ತಿಂಗಳು, ವರ್ಷ ಒತ್ತಿರುತ್ತದೆ: ವೀಲಿನ ವಾಯಿದೆ. ಒಳಗಿನ ಅಂಟು ರಾಳದ್ದು, ಸಾಮಾನ್ಯವಾಗಿ ತಯಾರಾದ ಮೂರು ವರ್ಷಕ್ಕೆ ಅದರ ಅವಧಿ ತೀರುತ್ತದೆ. ತೇವ ತಗುಲಿದರೆ ಇನ್ನೂ ಬೇಗ ಹಾಳು. ಮಳೆಗಾಲದಲ್ಲಿ ಸಿಮೆಂಟ್ ನೆಲದ ಮೇಲೆ ಬಿದ್ದಿದ್ದ ವೀಲನ್ನು ಎಸೆಯುವುದೇ ಲೇಸು, ಹೋಗುವುದು ಇಪ್ಪತ್ತು-ಮೂವತ್ತು ರೂಪಾಯಿ. 1.2 ಮಿ.ಮೀ. ಕಟಿಂಗ್ ವೀಲಿನ ಪಕ್ಕದಿಂದ ವೆಲ್ಡಿಂಗ್ ಗಂಟು ಉಜ್ಜಬೇಡಿ, ಅದಕ್ಕೆ 6 ಮಿ.ಮೀ. ದಪ್ಪದ, ನಡು ತಗ್ಗಿದ ಡೀಸಿ ವೀಲ್ ಇದೆ. ಹೊಸ ವೀಲ್ ಹಾಕಿದ ಮೇಲೆ ಜನರಿಲ್ಲದ ಕಡೆ ತಿರುಗಿಸಿ ಒಂದು ನಿಮಿಷ ಖಾಲಿ ಓಡಿಸಿ. ಬಿರುಕಿದ್ದರೆ ಸಾಮಾನ್ಯವಾಗಿ ಆಗಲೇ ಚೂರಾಗುತ್ತದೆ.

ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಈ ಮಷೀನಿಗೆ ಹಾಕುವುದು ಮಾತ್ರ ಬೇಡವೇ ಬೇಡ. ಅಂಗಡಿಯವರು ‘ಎಲ್ಲರೂ ಹಾಕ್ತಾರೆ ಸಾರ್’ ಅನ್ನುತ್ತಾರೆ, ಹಾಕುವುದೂ ನಿಜ. ಕಟಿಂಗ್ ವೀಲ್ ಉಜ್ಜಿಕೊಂಡು ಹೋಗುತ್ತದೆ, ಹಲ್ಲಿನ ಬ್ಲೇಡ್ ಕಚ್ಚಿ ಎಳೆಯುತ್ತದೆ. ಗಂಟಿನಲ್ಲಿ ಹಲ್ಲು ಸಿಕ್ಕಿದರೆ ಮಷೀನು ಮುಖದ ಕಡೆಗೋ ತೊಡೆಯ ಕಡೆಗೋ ಎಗರುತ್ತದೆ. ತಡೆಯಲು ತಳದ ಪ್ಲೇಟೂ ಇಲ್ಲ, ಬ್ಲೇಡ್ ಮುಚ್ಚಿಕೊಳ್ಳುವ ಗಾರ್ಡೂ ಇಲ್ಲ. ಮರಕ್ಕೆ ಸರ್ಕ್ಯುಲರ್ ಸಾ ಬೇರೆಯೇ ಬೇಕು.

ಕಬ್ಬಿಣದಲ್ಲೂ ಮಷೀನು ಒದೆಯುವುದು ವೀಲ್ ಸಿಕ್ಕಿಕೊಂಡಾಗಲೇ. ಸ್ಕ್ವೇರ್ ಪೈಪಿನ ಎರಡು ತುದಿಗೆ ಎರಡು ಇಟ್ಟಿಗೆ ಕೊಟ್ಟು ನಡುವೆ ಕತ್ತರಿಸುವುದು ಎಲ್ಲೆಲ್ಲೂ ಕಾಣುವ ದೃಶ್ಯ. ಮುಕ್ಕಾಲು ಕತ್ತರಿಸುವ ಹೊತ್ತಿಗೆ ಪೈಪು ಜಗ್ಗಿ, ಕೊಯ್ದ ಸಂದಿಯ ಬಾಯಿ ಮುಚ್ಚಿ ವೀಲನ್ನು ಅಮುಕುತ್ತದೆ. ಉದ್ದದ ಭಾಗವನ್ನು ವೈಸಿನಲ್ಲಿ ಬಿಗಿಯಿರಿ, ಬೀಳಬೇಕಾದ ತುಂಡು ಹೊರಗೆ ತೂಗಲಿ, ವೈಸಿನ ಹತ್ತಿರವೇ ಕತ್ತರಿಸಿ. ಆಗ ಸಂದಿ ತಾನೇ ತೆರೆದುಕೊಳ್ಳುತ್ತದೆ. ವೀಲಿನ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ಸರಿದು ನಿಲ್ಲಿ. ಡಬ್ಬಿಯಲ್ಲಿ ಬರುವ ಪಕ್ಕದ ಹ್ಯಾಂಡಲ್ ಡಬ್ಬಿಯಲ್ಲೇ ಉಳಿಯಬಾರದು. ಒಂದೇ ಕೈಯಲ್ಲಿ ಹಿಡಿದವರಿಗೆ ಒದೆತ ತಡೆಯಲಾಗುವುದಿಲ್ಲ.

ಅದೇ ಬಿಲ್ಲಿಗೆ ಕನ್ನಡಕ, ಮುಖಕ್ಕೆ ಶೀಲ್ಡ್, ಚರ್ಮದ ಗ್ಲೌಸು ಸೇರಿಸಿ. ನೂಲಿನ ಗ್ಲೌಸಿನ ಎಳೆ ವೀಲಿಗೆ ಸಿಕ್ಕರೆ ಕೈಯನ್ನೇ ಒಳಗೆಳೆಯುತ್ತದೆ, ಹೆಗಲ ಟವೆಲ್ಲೂ ಅಷ್ಟೇ. ಕಣ್ಣಿನ ರಕ್ಷಣೆಗಾಗಿ ಯುರೋಪಿನ ಮಾನದಂಡವಾದ ಇಎನ್ 166 ಗುರುತಿನ ಕನ್ನಡಕದಲ್ಲಿ ‘ಎಫ್’ ಅಕ್ಷರ ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬರುವ ಸಣ್ಣ ಉಕ್ಕಿನ ಗುಂಡಿಗೆ, ‘ಬಿ’ 120 ಮೀಟರಿಗೆ ಪರೀಕ್ಷಿಸಿದ್ದು. ನಮ್ಮ ವೀಲಿನ ಅಂಚು 12,000 ಆರ್‌ಪಿಎಂನಲ್ಲಿ 60 ಮೀಟರ್ ದಾಟುವುದರಿಂದ ‘ಬಿ’ ಇರುವ ಗಾಗಲ್ಸ್ ನೋಡಿ. ಓದುವ ಕನ್ನಡಕ, ಬಿಸಿಲಿನ ಕನ್ನಡಕ ಇದಕ್ಕೆ ಲೆಕ್ಕಕ್ಕಿಲ್ಲ.

ಕಬ್ಬಿಣದ ಚೂರು ಕಣ್ಣಿಗೆ ನಾಟಿದರೆ ಉಜ್ಜಬೇಡಿ, ಕರ್ಚೀಫಿನ ತುದಿಯಿಂದ ಕೆದಕಬೇಡಿ, ಪಕ್ಕದವರಿಂದ ತೆಗೆಸುವುದಂತೂ ಬೇಡ. ಪೇಪರ್ ಲೋಟವನ್ನು ಕಣ್ಣಿಗೆ ಒತ್ತದಂತೆ ಮುಚ್ಚಿ, ಟೇಪ್ ಹಚ್ಚಿ ಕಣ್ಣಿನ ಆಸ್ಪತ್ರೆಗೆ ಹೋಗಿ. ಬೆರಳು ತುಂಡಾದರೆ ಗಾಯವನ್ನು ಸ್ವಚ್ಛ ಬಟ್ಟೆಯಿಂದ ಒತ್ತಿ ಕೈ ಮೇಲೆತ್ತಿ ಹಿಡಿಯಿರಿ. ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಿ. ಐಸು ನೇರ ತಾಗಿದರೆ ಮಾಂಸ ಸಾಯುತ್ತದೆ, ಮತ್ತೆ ಜೋಡಿಸಲಾಗುವುದಿಲ್ಲ.

ಮಷೀನಿನ ಜೊತೆ ಬರುವ, ವೀಲ್ ಬಿಚ್ಚುವ ಎರಡು ಮೊಳೆಯ ಪಾನಾವನ್ನು ಪ್ಲಗ್ಗಿನ ಪಕ್ಕದಲ್ಲೇ, ಅರ್ಧ ಅಡಿ ದಾರದಿಂದ ವೈರಿಗೆ ಕಟ್ಟಿಬಿಡಿ. ಪ್ಲಗ್ ಕೀಳದೆ ಅದು ವೀಲಿನವರೆಗೆ ಬರುವುದಿಲ್ಲ.