ಖಾಲಿ ಗೋದಾಮು: ಸರ್ಕಾರಿ ಕಚೇರಿಗೆ ಬಾಡಿಗೆಗೋ, ಉಚಿತವಾಗಿಯೋ?

ನಿಮ್ಮ ಗೋದಾಮು ಬಾಡಿಗೆಗೆ ಹೋದರೆ, ಆದಾಯ ತೆರಿಗೆ ಲೆಕ್ಕದಲ್ಲಿ ಆ ಬಾಡಿಗೆ ಸಾಮಾನ್ಯವಾಗಿ ‘ಮನೆ ಆಸ್ತಿಯ ಆದಾಯ’. ನೀವು ಪಾವತಿಸಿದ ಆಸ್ತಿ ತೆರಿಗೆಯನ್ನು ಬಾಡಿಗೆಯಿಂದ ಕಳೆದು, ಉಳಿದದ್ದರಲ್ಲಿ 30% ನೇರ ಕಡಿತ. ವರ್ಷಕ್ಕೆ ಬಾಡಿಗೆ 2,00,000, ಆಸ್ತಿ ತೆರಿಗೆ 20,000 ಎನ್ನಿ. 1,26,000 ರೂಪಾಯಿ ಮಾತ್ರ ತೆರಿಗೆಗೆ ಒಳಪಡುತ್ತದೆ.

ಉಚಿತವಾಗಿ ಕೊಟ್ಟರೆ, ಬಿಟ್ಟುಕೊಟ್ಟ ಬಾಡಿಗೆಯನ್ನು ದೇಣಿಗೆ ಎಂದು ತೋರಿಸುವಂತಿಲ್ಲ. 80ಜಿ ಎಂದೇ ಪರಿಚಿತವಾದ, ದೇಣಿಗೆಗೆ ಸಿಗುವ ತೆರಿಗೆ ವಿನಾಯಿತಿ ಹಣಕ್ಕೆ ಮಾತ್ರ. ಒಳ್ಳೆಯ ಮನಸ್ಸಿನವರು ಎಡವುವುದು ಇಲ್ಲೇ, ನನಗೆ ಬೇಸರವಾಗುವುದೂ ಇದಕ್ಕೇ. ಬರಬಹುದಾಗಿದ್ದ ಬಾಡಿಗೆಯ ಮೇಲೂ ತೆರಿಗೆ ಬೀಳಬಹುದು. ವ್ಯವಹಾರಕ್ಕೆ ಬಳಸದ ಕಟ್ಟಡಕ್ಕೆ ಸವಕಳಿ (ಕಟ್ಟಡ ಹಳೆಯದಾಗಿ ಬೆಲೆ ಇಳಿಯುವುದಕ್ಕೆ ಕೊಡುವ ಕಡಿತ) ಸಿಗುವುದೂ ಕಷ್ಟ.

ನೆರೆಯ ಸಮಯದಲ್ಲಿ ಹತ್ತು ದಿನ ಪರಿಹಾರ ಕೇಂದ್ರಕ್ಕಾದರೆ ಲೆಕ್ಕ ನೋಡದೆ ಬೀಗದ ಕೈ ಕೊಟ್ಟುಬಿಡಿ. ವರ್ಷಗಟ್ಟಲೆ ಆದರೆ, ಲೋಕೋಪಯೋಗಿ ಇಲಾಖೆ ನಿಗದಿಪಡಿಸುವ ಬಾಡಿಗೆ ಕಡಿಮೆ ಎನಿಸಿದರೂ ಕರಾರು ಪತ್ರ ಮಾಡಿಸಿಕೊಳ್ಳಿ.